ತಟ್ಟಿ ಕೇಳದ ಹಲ್ಲು

ಈಚೆಗೆ ಹುಣಸೂರಿನ ನಮ್ಮ ಬೀದಿಯ ಹುಡುಗನೊಬ್ಬ ಬಿಡಿಎಸ್ ಮುಗಿಸಿ ಬಂದು ಕಾಲಿಗೆ ನಮಸ್ಕಾರ ಮಾಡಿದ. ‘ಅಂಕಲ್, ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟ್ರ ಕೆಲಸ ಹೇಗಿರುತ್ತೆ?’ ಎಂದು ಕೇಳಿದ. ‘ಚೆನ್ನಾಗಿರುತ್ತಪ್ಪ’ ಎಂದು ಹೇಳಿ ಕಾಫಿ ಕುಡಿಸಿ ಕಳಿಸಿದೆ. ಅವನು ಗೇಟು ದಾಟಿದ ಮೇಲೆ ನನಗೇ ಸಿಟ್ಟು ಬಂತು. ನಿವೃತ್ತನಾದ ಮೇಲೂ ಚೆನ್ನಾಗಿದೆ, ಚೆನ್ನಾಗಿದೆ ಎಂದು ಯಾರನ್ನು ಮೆಚ್ಚಿಸಬೇಕು? ಅವನಿಗೆ ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರುವ ಮುಂಚೆ ಓದಲಿ.

ನಾನು ಹೆಗ್ಗಡದೇವನಕೋಟೆ ಕಡೆ ಕೆಲಸ ಶುರು ಮಾಡಿ ಪಿರಿಯಾಪಟ್ಟಣ, ಕೆ.ಆರ್. ನಗರ, ಹುಣಸೂರು ಎಂದು ಗಾಣದೆತ್ತಿನ ಹಾಗೆ ಸುತ್ತಿದವನು. ಬಡ್ತಿಯ ಕಥೆ ಬರೆಯುವುದಿಲ್ಲ. ಹಲ್ಲಿನ ಡಾಕ್ಟರಿಗೆ ಬಡ್ತಿಯೆಂದರೆ ಒಂದು ಆಸ್ಪತ್ರೆಯ ಮೂಲೆ ಕೋಣೆಯಿಂದ ಇನ್ನೊಂದು ಆಸ್ಪತ್ರೆಯ ಮೂಲೆ ಕೋಣೆಗೆ ಹೋಗುವುದು. ಪಕ್ಕದಲ್ಲಿ ಉಗ್ರಾಣ, ಎದುರಿಗೆ ಕೆಟ್ಟ ಜನರೇಟರ್. ಆಸ್ಪತ್ರೆಯಲ್ಲಿ ನಾವು ಡಾಕ್ಟರು ಹೌದೋ ಅಲ್ಲವೋ ಎಂಬುದು ಸಂದರ್ಭ ನೋಡಿ ತೀರ್ಮಾನವಾಗುತ್ತದೆ. ಶಾಲು ಹೊದಿಸುವಾಗ ಅಲ್ಲ. ಮಂತ್ರಿಗಳ ಕಾರಿನ ಹಿಂದೆ ಆಂಬುಲೆನ್ಸಿನಲ್ಲಿ ಕೂರಿಸುವಾಗ ಹೌದು. ಇದನ್ನು ಮೊದಲ ದಿನವೇ ಅರಗಿಸಿಕೊಂಡರೆ ಮುಂದೆ ಅಜೀರ್ಣವಾಗುವುದಿಲ್ಲ.

ಎರಡನೆಯದು ನಮ್ಮ ಸೀಮೆಯ ಬಾಯಿಗಳ ವಿಷಯ. ಪುಸ್ತಕದಲ್ಲಿ ನೀನು ನೋಡಿರುವ ಹಲ್ಲು ಬೆಳ್ಳಗಿರುತ್ತವೆ, ಹುಳುಕು ಮಾತ್ರ ಕಪ್ಪಗಿರುತ್ತದೆ. ಇದು ಹೊಗೆಸೊಪ್ಪಿನ ನಾಡು. ಸೊಪ್ಪು ಬೆಳೆಯುವವರು, ಬೇಯಿಸುವವರು, ಕಟ್ಟು ಕಟ್ಟುವವರು ಎಲ್ಲರ ಬಾಯಲ್ಲೂ ಎಲೆ ಅಡಿಕೆ, ಜೊತೆಗೆ ಅದೇ ಸೊಪ್ಪಿನ ಕಡ್ಡಿಪುಡಿ. ಕುರ್ಚಿಗೆ ಬಂದು ಕೂತು ಬಾಯಿ ತೆಗೆದರೆ ಒಳಗೆ ಎಲ್ಲವೂ ಕಪ್ಪು. ಒಳ್ಳೆಯ ಹಲ್ಲು, ಕೆಟ್ಟ ಹಲ್ಲು ಎರಡೂ ಒಂದೇ ಬಣ್ಣ. ಕಣ್ಣಿಂದ ನೋಡಿ ಇದೇ ಎಂದು ಹೇಳುವವನು ನಮ್ಮ ಸೀಮೆಯಲ್ಲಿ ಹಲ್ಲಿನ ಡಾಕ್ಟರಲ್ಲ, ಕಣಿ ಹೇಳುವವನು.

ನನಗೆ ಕೆಲಸ ಕಲಿಸಿದ ಹಿರಿಯ ದಂತವೈದ್ಯರೊಬ್ಬರಿದ್ದರು. ಮಹಾ ಮುಂಗೋಪಿ. ನಾನು ಸೇರಿದ ಹೊಸದರಲ್ಲಿ ಒಬ್ಬ ಗಾಡಿ ಹೊಡೆಯುವವನ ದವಡೆ ಹಲ್ಲು ಕೀಳಲು ಇಕ್ಕಳ ಕೈಗೆತ್ತಿಕೊಂಡಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

‘ಕೇಳಿದ್ಯಾ?’

‘ಕೇಳಿದೆ ಸಾರ್. ಇದೇ ಅಂತ ತೋರಿಸಿದ್ರು.’

‘ರೋಗೀನಲ್ಲ ಕಣಯ್ಯ. ಹಲ್ಲನ್ನ ಕೇಳು.’

ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ತಿರುಗಿಸಿ, ಅದರ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟಿದರು. ‘ಇದಾ?’ ಸುಮ್ಮನಿದ್ದ. ‘ಇದಾ?’ ಸುಮ್ಮನಿದ್ದ. ನಾನು ಕೀಳಲು ಹೊರಟಿದ್ದ ಹಲ್ಲಿಗೂ ಸುಮ್ಮನಿದ್ದ. ಅದರ ಪಕ್ಕದ್ದಕ್ಕೆ ಹಿಡಿ ತಗುಲಿದ್ದೇ ತಡ ‘ಆ!’ ಎಂದು ಕುರ್ಚಿಯಿಂದ ಎಗರಿದ. ಹಿರಿಯರು ನನ್ನ ಕಡೆ ನೋಡಲೂ ಇಲ್ಲ, ಕೈ ತೊಳೆಯಲು ಹೋದರು. ಆಮೇಲೆ ಕುದಿಯುವ ನೀರಿನ ಪಾತ್ರೆ ಹೋಗಿ ಆಟೋಕ್ಲೇವ್ ಬಂತು, ಗಾಜಿನ ಸಿರಿಂಜು ಹೋಗಿ ಪ್ಲಾಸ್ಟಿಕ್ಕಿನದು ಬಂತು, ಬರಿಗೈ ಹೋಗಿ ಗ್ಲೌಸು ಬಂತು. ಎಕ್ಸ್‌ರೇ ಬಂದು, ಕೆಟ್ಟು, ಮತ್ತೆ ಬಂತು. ನನ್ನ ‘ಇದಾ?’ ಮಾತ್ರ ಹೋಗಲಿಲ್ಲ. ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಮೊದಲು ಕಲಿಸಿದ್ದು ಅದನ್ನೇ.

ಹಾಗೆ ಕಲಿತವರಲ್ಲಿ ಸವಿತಾ ಎಂಬುವಳಿದ್ದಳು. ಕೊರೊನಾ ಬರುವ ಸ್ವಲ್ಪ ಮುಂಚೆ ಗುತ್ತಿಗೆಯ ಮೇಲೆ ನಮ್ಮ ಆಸ್ಪತ್ರೆಗೆ ಬಂದಳು. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಮನೆಯಲ್ಲಿ ಗಂಡ, ಅತ್ತೆ, ಇನ್ನೂ ಶಾಲೆಗೆ ಸೇರಿರದ ಮಗಳು. ಅವಳ ಹಾಗೆ ಹಗುರವಾದ ಕೈ ನಾನು ನೋಡಿಲ್ಲ, ನನ್ನ ಕೈಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮಕ್ಕಳ ಹಲ್ಲು ಕೀಳುವಾಗ ‘ನಿಮ್ಮನೆ ಕರು ಹೆಸರೇನು? ಹಾಲು ಕುಡಿಯುತ್ತಾ? ಒದೆಯುತ್ತಾ?’ ಎಂದು ಎಡೆಬಿಡದೆ ಮಾತಾಡುತ್ತಲೇ ಇರುತ್ತಿದ್ದಳು. ಕರುವಿನ ಕಥೆ ಮುಗಿಯುವುದರೊಳಗೆ ಹಲ್ಲು ಹತ್ತಿಯೊಳಗಿರುತ್ತಿತ್ತು. ನನಗೆ ಒಬ್ಬಳು ವಾರಸುದಾರಳು ಸಿಕ್ಕಳು ಎಂದು ಬೀಗುತ್ತಿದ್ದೆ.

ಆಮೇಲೆ ಕೊರೊನಾ ಬಂತು. ಇಡೀ ದೇಶ ಬಾಯಿ ಮುಚ್ಚಿಕೊಂಡು ಕೂತಾಗ, ಬಾಯಿ ತೆಗೆಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಗತಿಯೇನೆಂದು ಯಾರೂ ಯೋಚಿಸಲಿಲ್ಲ. ನಾವು ಹಲ್ಲು ಕೊರೆಯುವ ಯಂತ್ರ ನೀರು ಚಿಮ್ಮಿಸುತ್ತದೆ. ಆ ತುಂತುರು ರೋಗಿಯ ಉಗುಳಿನೊಂದಿಗೆ ಕೋಣೆಯೆಲ್ಲ ಹರಡುತ್ತದೆ. ಅದನ್ನು ಮುಟ್ಟಬೇಡಿ, ಕೋಣೆಗೆ ಬೀಗ ಹಾಕಿ, ತೀರಾ ತುರ್ತಿದ್ದರೆ ಮಾತ್ರ ನೋಡಿ, ಮಿಕ್ಕವರಿಗೆ ಮಾತ್ರೆ ಕೊಡಿ ಎಂದು ಆದೇಶ ಬಂತು. ಆದೇಶ ಸರಿಯಾಗಿಯೇ ಇತ್ತು. ಹಲ್ಲುನೋವಿಗೆ ಮಾತ್ರ ಅದು ಗೊತ್ತಿರಲಿಲ್ಲ. ಮುಖ ಬೂದುಗುಂಬಳದ ಹಾಗೆ ಊದಿಸಿಕೊಂಡವರು ಗೇಟಿನ ಹೊರಗೆ ನಿಂತು ಕೈಸನ್ನೆ ಮಾಡುತ್ತಿದ್ದರು. ನೋವು ತಡೆಯಲಾರದೆ ಇಕ್ಕಳದಿಂದ ತಾನೇ ಅರ್ಧ ಹಲ್ಲು ಮುರಿದುಕೊಂಡು ಬಂದವನನ್ನೂ ಕಂಡೆ.

ಆಡಳಿತ ನೋಡಿಕೊಳ್ಳುತ್ತಿದ್ದ ವೈದ್ಯಾಧಿಕಾರಿಯನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅದು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಆಸ್ಪತ್ರೆ ಎಂದು ನಾನು ಹೇಳುವುದಿಲ್ಲ. ಅಂಥ ಸಾಹೇಬರು ಎಲ್ಲ ಕಡೆಯೂ ಇರುವಾಗ ಒಂದು ಊರಿನ ಮಾನ ಕಳೆದು ಏನು ಸುಖ? ಅವರು ನನ್ನನ್ನು ಕರೆದು, ‘ಏನ್ರೀ ಡಾಕ್ಟ್ರೇ, ರೂಮಿಗೆ ಬೀಗ ಬಿದ್ದು ಆರಾಮಾಗಿದ್ದೀರಾ. ಹೆಂಗೂ ಬಾಯೊಳಗೇ ಕೆಲಸ ಮಾಡೋರು. ಮೂಗು ಗಂಟಲಿನ ಸ್ವಾಬ್ ನೀವೇ ತೆಗೀರಿ’ ಎಂದರು. ನಮ್ಮ ಕೋಣೆಯಲ್ಲಿ ಬಾಯಿ ತೆಗೆಸುವುದು ಅಪಾಯ ಎಂದು ಬೀಗ ಹಾಕಿದವರು, ಊರೂರಿಗೆ ಹೋಗಿ ಬಾಯಿ ತೆಗೆಸಲು ಜೀಪು ಕೊಟ್ಟರು.

ಪಿಪಿಇ ಕಿಟ್ ಹಾಕಿಕೊಂಡು ಬೇಸಗೆಯಲ್ಲಿ ಶಾಲೆಯ ಜಗಲಿಯ ಮೇಲೆ ನಿಂತರೆ, ಬೆಂಕಿ ಹಾಕಿ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿನೊಳಗೆ ನಿಂತ ಹಾಗೆ. ಒಂದು ಹಳ್ಳಿಯಲ್ಲಿ ಒಬ್ಬ ಯಜಮಾನ ಬಾಯಲ್ಲಿದ್ದ ಎಲೆ ಅಡಿಕೆ ಉಗಿಯದೆಯೇ ಕೂತುಬಿಟ್ಟಿದ್ದ. ಸ್ವಾಬಿನ ಕಡ್ಡಿ ಕೆಂಪಾಗಿ ಬಂತು. ಸಂಜೆ ಲ್ಯಾಬಿನವರು ಫೋನು ಮಾಡಿ, ‘ಏನ್ರೀ ಗಂಟಲು ಕುಯ್ದುಬಿಟ್ರಾ?’ ಎಂದು ರೇಗಿದರು. ಆ ಕಾಲದಲ್ಲಿ ನಾನು ನಕ್ಕದ್ದು ಅದೊಂದಕ್ಕೇ ಇರಬೇಕು. ಮಿಕ್ಕಂತೆ ಜೀಪು ಬಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ‘ನಮ್ಮೂರ್ಗೆ ಕಾಯ್ಲೆ ತಂದ್ ಬುಡ್ಬೇಡಿ, ಓಗಿ’ ಎಂದು ಹೆಂಗಸರು ಕಿಟಕಿಯಿಂದ ಕೂಗುತ್ತಿದ್ದರು. ಎಷ್ಟೋ ವರ್ಷದಿಂದ ನನಗೆ ಕೇಳದೆಯೇ ಟೀ ಕೊಡುತ್ತಿದ್ದ ಅಂಗಡಿಯವನು ಲೋಟ ಒಳಗೆ ಸರಿಸಿದ.

ನಾನು ಇದಕ್ಕೆಲ್ಲ ಜಗ್ಗಲಿಲ್ಲ. ಹಳೇ ಕಾಲದ ಜೀವ, ಗಟ್ಟಿ. ಮಹಡಿಯ ಕೋಣೆಯಲ್ಲಿ ಒಬ್ಬನೇ ಮಲಗುತ್ತಿದ್ದೆ. ಹೆಂಡತಿ ಸುಮಿತ್ರ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಕೆಳಗಿಳಿದ ಮೇಲೆ ತೆಗೆದುಕೊಳ್ಳುತ್ತಿದ್ದೆ. ಮೊಮ್ಮಗಳು ಅಂಗಳದಲ್ಲಿ ನಿಂತು ‘ತಾತಾ’ ಎಂದು ಬಾಯಿ ತುಂಬ ನಕ್ಕರೆ ನನ್ನ ಕತ್ತು ತಾನಾಗಿ ಬೇರೆ ಕಡೆ ತಿರುಗುತ್ತಿತ್ತು. ಅದು ಎಚ್ಚರಿಕೆ, ಭಯವಲ್ಲ ಎಂದುಕೊಂಡಿದ್ದೆ. ಅದೇ ಕಾಲದಲ್ಲಿ ಸುಮಿತ್ರ ಡಬ್ಬಿಯಲ್ಲಿ ಕೋಡುಬಳೆ ಕಳಿಸಿದ್ದಳು. ಒಂದನ್ನು ಕಡಿದೆ, ದವಡೆ ಹಲ್ಲಿನ ಮೂಲೆ ಪುಡಕ್ಕನೆ ಎದ್ದು ಬಂತು. ‘ಇದೇನು ಕೋಡುಬಳೆಯೋ ಕಬ್ಬಿಣದ ಬಳೆಯೋ?’ ಎಂದು ಮಹಡಿಯಿಂದಲೇ ಕೂಗಾಡಿದೆ. ಪಾಪ, ಅವಳು ಕೆಳಗೆ ನಿಂತು ಹಿಟ್ಟಿಗೆ ಬೆಣ್ಣೆ ಕಡಿಮೆಯಾಯಿತೇನೋ ಎಂದಳು. ಹಲ್ಲಿನ ಡಾಕ್ಟರು ಇನ್ನೊಬ್ಬ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಗೆಯುವುದೆಂದರೆ ಕ್ಷೌರಿಕ ಇನ್ನೊಬ್ಬನ ಅಂಗಡಿಯಲ್ಲಿ ಕೂತಂತೆ. ನಾನು ಯಾರಿಗೂ ತೋರಿಸಲಿಲ್ಲ.

ಸವಿತಾಳ ಮಾತು ನಿಂತುಹೋಗಿತ್ತು. ಸ್ವಾಬ್ ಡ್ಯೂಟಿ ಅವಳಿಗೂ ಇತ್ತು. ತುರ್ತಿನ ರೋಗಿಗಳನ್ನು ನಾವಿಬ್ಬರೂ ಸರದಿಯ ಮೇಲೆ ನೋಡುತ್ತಿದ್ದೆವು. ಈಗ ಕರುವಿನ ಕಥೆಯಿಲ್ಲ. ‘ಕೆಮ್ಮಬೇಡಿ. ಆ ಅನ್ನಬೇಡಿ. ಸುಮ್ನೆ ಬಾಯಿ ತೆಗೀರಿ’ ಇಷ್ಟೇ. ಕೈ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಬಿರಿದು ಮೀನಿನ ಹುರುಪೆಯಂತಾಗಿತ್ತು. ಅತ್ತೆ ಅವಳಿಗೆ ಹಿತ್ತಿಲಲ್ಲಿ ಸ್ನಾನ ಮಾಡಿಸಿ, ಹೊರಗಿನ ಕೋಣೆಯಲ್ಲಿ ಮಲಗಿಸುತ್ತಿದ್ದರಂತೆ. ಮಗುವನ್ನು ಮುಟ್ಟಗೊಡುತ್ತಿರಲಿಲ್ಲ. ‘ಹೇಗಿದ್ದೀಯಮ್ಮ?’ ಎಂದರೆ ‘ಚೆನ್ನಾಗಿದ್ದೀನಿ ಸರ್’ ಎನ್ನುತ್ತಿದ್ದಳು. ಅದೂ ಒಂದು ಕಲಿತ ಪಾಠದ ಹಾಗೆ.

ಒಂದು ಮಧ್ಯಾಹ್ನ ಉಪಕರಣ ತೊಳೆಯುವ ಕೋಣೆಯಲ್ಲಿ ಅವಳು ಗ್ಲೌಸು ಹಾಕಿದ ಎರಡೂ ಕೈ ಮೇಲೆತ್ತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹೊರಗೆ ರೋಗಿ ಕಾಯುತ್ತಿದ್ದ.

‘ಏನಾಯ್ತು ಸವಿತಾ?’

‘ಸರ್, ಯಾರಾದ್ರೂ ಬಾಯಿ ತೆಗೆದ್ರೆ ಎದೆ ಹೊಡ್ಕೊಳ್ಳತ್ತೆ. ಅದರೊಳಗೆ ಬಿದ್ದುಬಿಡ್ತೀನಿ ಅನ್ನಿಸುತ್ತೆ. ನಾನು ಕಲಿತಿರೋದು ಇದೊಂದೇ ಕೆಲಸ ಸರ್. ಇದಕ್ಕೇ ಹೆದರಿದ್ರೆ ನಾನೇನು ಮಾಡ್ಲಿ?’

ಆ ರೋಗಿಯನ್ನು ನಾನು ನೋಡಿದೆ. ಆಮೇಲೆ ನೇರ ಸಾಹೇಬರ ಕೋಣೆಗೆ ಹೋಗಿ, ಆ ಹುಡುಗಿಗೆ ಸ್ವಲ್ಪ ದಿನ ರಜೆ ಕೊಡಿ, ಮನಸ್ಸಿನ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿಸೋಣ ಎಂದೆ.

ಸಾಹೇಬರು ಮಾಸ್ಕಿನೊಳಗೇ ನಕ್ಕರು. ‘ಹಲ್ಲಿನ ಡಾಕ್ಟ್ರಿಗೂ ಟೆನ್ಷನ್ನಾ? ಆಕ್ಸಿಜನ್ ನೋಡ್ಕೊಳ್ಳೋರಿಗೆ ಟೆನ್ಷನ್ ಅಂದ್ರೆ ಒಪ್ತೀನಿ. ನಿಮಗೇನ್ರೀ? ರಜಾ ಗಿಜಾ ಏನೂ ಇಲ್ಲ. ಸ್ವಲ್ಪ ದಿನ ಹಲ್ಲು ಕಚ್ಕೊಂಡು ಇರೋಕೆ ಹೇಳಿ.’

ಅದಾದ ವಾರದೊಳಗೆ ಆಸ್ಪತ್ರೆಯಲ್ಲಿ ಒತ್ತಡ ನಿವಾರಣೆಯ ತರಬೇತಿ ನಡೆಯಿತು. ಮೈಸೂರಿನಿಂದ ಬಂದವರೊಬ್ಬರು ದೀರ್ಘವಾಗಿ ಉಸಿರೆಳೆದುಕೊಳ್ಳಿ, ಬಿಡಿ ಎಂದು ಹೇಳಿಕೊಟ್ಟರು. ಎಲ್ಲರೂ ಎರಡೆರಡು ಮಾಸ್ಕು ಹಾಕಿಕೊಂಡು ಉಸಿರೆಳೆದರು. ಆಮೇಲೆ ಫೋಟೋ. ಸವಿತಾಳನ್ನು ಕಳಿಸೋಣ ಎಂದು ವಿಚಾರಿಸಿದರೆ, ದಂತ ವಿಭಾಗಕ್ಕೆ ಸೀಟಿಲ್ಲ, ಅಂತರ ಕಾಪಾಡಬೇಕು ಎಂದರು. ಅವಳನ್ನು ಅಂದು ಸ್ವಾಬ್ ಜೀಪಿಗೆ ಹತ್ತಿಸಿದರು. ಊರಿಗೆಲ್ಲ ಒಂದು ನ್ಯಾಯವಾದರೆ ಮೂಲೆ ಕೋಣೆಗೆ ಇನ್ನೊಂದು ನ್ಯಾಯ.

ಇನ್ನು ಆ ದಿನದ ಕಥೆ. ನಾನು ಹಳ್ಳಿಯ ಮೇಲೆ ಸ್ವಾಬ್ ತೆಗೆಯಲು ಹೋಗಿದ್ದೆ. ಸವಿತಾ ಒಬ್ಬಳೇ ಇದ್ದಳು. ನಮ್ಮ ಕೋಣೆಯ ಬಾಗಿಲಿಗೆ ಸಾಹೇಬರು ಅದಕ್ಕೆ ಮುಂಚೆಯೇ ಒಂದು ಚೀಟಿ ಅಂಟಿಸಿದ್ದರು. ‘ರೋಗಿಯ ಬಾಯಿಯೊಳಗೆ ಅನಗತ್ಯವಾಗಿ ಕೈ ಇಡಬಾರದು, ಬೇಗ ಮುಗಿಸಬೇಕು.’ ಅನಗತ್ಯ ಯಾವುದು ಎಂದು ಬರೆದಿರಲಿಲ್ಲ. ಕಾರಿಡಾರಿನಲ್ಲಿ ಹಾದುಹೋಗುವಾಗೆಲ್ಲ ‘ಬೇಗ, ಬೇಗ’ ಎಂದು ಬಾಗಿಲು ತಟ್ಟುತ್ತಿದ್ದರು. ಎಕ್ಸ್‌ರೇ ತೆಗೆಯುವವನನ್ನು ಎದೆಯ ಚಿತ್ರ ತೆಗೆಯಲು ಹಾಕಿದ್ದರಿಂದ ಹಲ್ಲಿನ ಚಿತ್ರ ನಿಂತಿತ್ತು.

ಅಂದು ಬಂದವರು ಕೆಂಪಮ್ಮ ಎಂಬ ಮುದುಕಿ. ಹೊಗೆಸೊಪ್ಪು ವಿಂಗಡಿಸುವ ಕೂಲಿ. ಜೊತೆಗೆ ಮಗ ಮಂಜ. ಆಕೆಯ ಕೆಳದವಡೆಯಲ್ಲಿ ಅಕ್ಕಪಕ್ಕ ಎರಡು ಹಲ್ಲು ಕರಿಕಲ್ಲಿನ ಹಾಗಿದ್ದವು. ತಟ್ಟಿದ್ದರೆ ಗೊತ್ತಾಗುತ್ತಿತ್ತು. ಆದರೆ ತಟ್ಟುವುದು ಏತಕ್ಕೆ? ನೋಯುವ ಹಲ್ಲು ಸಿಕ್ಕಿದಾಗ ರೋಗಿ ‘ಆ!’ ಎಂದು ಕೂಗಲಿ ಎಂದು. ಸವಿತಾ ಹೆದರುತ್ತಿದ್ದುದು ಆ ಕೂಗಿಗೇ, ಮುಖಕ್ಕೆ ಬಡಿಯುವ ಆ ಉಸಿರಿಗೇ. ಬಾಗಿಲ ಮೇಲಿನ ಚೀಟಿ ಅವಳ ಭಯಕ್ಕೆ ಅಪ್ಪಣೆ ಕೊಟ್ಟಿತ್ತು. ಉಸಿರಿನ ಆವಿ ಕವಿದ ಫೇಸ್ ಶೀಲ್ಡಿನೊಳಗಿಂದ ನೋಡಿ, ಹೆಚ್ಚು ಕೆಟ್ಟಂತೆ ಕಂಡದ್ದನ್ನು ಕಿತ್ತಳು. ಎರಡೂ ಹಲ್ಲು ಒಂದೇ ಇಂಜೆಕ್ಷನ್ನಿಗೆ ಜೋಮು ಹಿಡಿದಿದ್ದರಿಂದ ಕೆಂಪಮ್ಮನಿಗೂ ತಿಳಿಯಲಿಲ್ಲ. ಊರು ತಲುಪಿ ಜೋಮು ಇಳಿದ ಮೇಲೆ ನೋವು ಇದ್ದ ಜಾಗದಲ್ಲೇ ಇತ್ತು.

ಮರುದಿನ ಮಂಜ ಮೊಬೈಲು ಹಿಡಿದುಕೊಂಡೇ ಬಂದ. ‘ನೋಡ್ರಪ್ಪ, ನೋಯೋ ಅಲ್ಲು ಬುಟ್ಟು ಪಕ್ಕದ್ದು ಕಿತ್ತವ್ರೆ. ಇವ್ರು ಡಾಕ್ಟ್ರಂತೆ. ಮಾತಾಡಮ್ಮ, ಯಾಕ್ ಸುಮ್ಕಿದೀಯ? ಮಾಸ್ಕ್ ತೆಗ್ದು ಮಾತಾಡು!’ ವಿಡಿಯೋದಲ್ಲಿ ಸವಿತಾ ಗೋಡೆಗೆ ಒತ್ತಿಕೊಂಡು ನಿಂತಿದ್ದಾಳೆ, ಕೈ ಎರಡೂ ಮೇಲಿವೆ. ಪೊಲೀಸರ ಮುಂದೆ ಕಳ್ಳರು ನಿಂತ ಹಾಗೆ. ಆ ವಿಡಿಯೋ ನಾಲ್ಕೂ ತಾಲ್ಲೂಕು ಸುತ್ತಿತು. ಅವಳು ಬಸ್ಸಿಳಿದು ಮನೆ ಸೇರುವುದರೊಳಗೆ ಅತ್ತೆಯ ಫೋನಿಗೂ ಬಂದಿತ್ತು.

ವಿಚಾರಣೆಗೆ ಕರೆದರು. ನಾನೂ ಹೋದೆ. ಸಾಹೇಬರು ಎಲ್ಲರ ಮುಂದೆ ಕೇಳಿದರು: ‘ತಟ್ಟಿ ನೋಡೋಕೆ ಏನಮ್ಮ ಕಷ್ಟ ನಿಂಗೆ? ಅದು ಬೇಸಿಕ್ ಅಲ್ವಾ?’

ನನಗೆ ಮೈಯೆಲ್ಲ ಉರಿದುಹೋಯಿತು. ‘ಸಾರ್, ಬಾಯೊಳಗೆ ಕೈ ಇಡಬೇಡಿ ಅಂತ ಬಾಗಿಲಿಗೆ ಅಂಟಿಸಿದ್ದು ನೀವೇ. ಈ ಹುಡುಗಿಗೆ ಹುಷಾರಿಲ್ಲ, ರಜೆ ಕೊಡಿ ಅಂತ ಕೇಳಿದ್ದು ನಾನು. ಹಲ್ಲು ಕಚ್ಕೊಂಡಿರೋಕೆ ಹೇಳಿ ಅಂದಿದ್ದೂ ನೀವೇ’ ಎಂದೆ.

‘ಚೀಟೀಲಿ ಅನಗತ್ಯವಾಗಿ ಅಂತ ಇದೆ, ಓದಿಕೊಳ್ಳಿ. ನೀವು ಇನ್ನೇನು ರಿಟೈರ್ ಆಗೋರು ಡಾಕ್ಟ್ರೇ, ಸುಮ್ನೆ ಯಾಕೆ ಪೆನ್ಷನ್ ಫೈಲಿಗೆ ಕಲ್ಲು ಹಾಕ್ಕೋತೀರಿ?’

ಮರುದಿನ ಬಾಗಿಲ ಮೇಲೆ ಚೀಟಿ ಇರಲಿಲ್ಲ. ನಾಲ್ಕು ಮೂಲೆಯಲ್ಲಿ ಗೋಂದಿನ ಗುರುತು ಮಾತ್ರ ಇತ್ತು.

ಸ್ವಲ್ಪ ದಿನಕ್ಕೆ ಕೆಂಪಮ್ಮ ಒಬ್ಬರೇ ಬಂದರು. ನೋಯುವ ಹಲ್ಲು ಇನ್ನೂ ಅಲ್ಲೇ ಇತ್ತಲ್ಲ. ತಟ್ಟಿ ಕೇಳಿ, ಕಿತ್ತೆ. ಹತ್ತಿ ಕಚ್ಚಿಕೊಂಡು ಕೂತಿದ್ದವರು ಅದನ್ನು ತೆಗೆದು, ‘ಆ ಯೆಣ್ಣು ಮಗ ಎಲ್ಲಪ್ಪ?’ ಎಂದರು.

‘ಅವರಿಗೆ ನೋಟಿಸು ಕೊಟ್ಟಿದ್ದಾರೆ ಕೆಂಪಮ್ಮ. ಮನೆಯಲ್ಲಿದ್ದಾರೆ.’

‘ಅಯ್ಯೋ ಶಿವನೇ. ಒಂದ್ ಅಲ್ಲು ಓದ್ರೆ ಓಯ್ತು ಬುಡಿ, ಇನ್ನೇನ್ ನಾನು ಕಬ್ಬು ತಿನ್ನಬೇಕಾ? ಮಗ್ನಿಗೆ ಉಗ್ದಿವ್ನಿ. ಎಲ್ಗ್ ಬಂದು ಏಳಬೇಕು ಏಳಿ, ಬಂದು ಏಳ್ತೀನಿ.’

ಆ ಮುದುಕಿಯನ್ನು ಸಾಹೇಬರ ಬಾಗಿಲಿಗೆ ಕರೆದುಕೊಂಡು ಹೋದೆ. ‘ದೂರ ನಿಲ್ಲಮ್ಮ’ ಎಂದು ಅಲ್ಲಿಂದಲೇ ಕೈ ಬೀಸಿದರು. ಆಕೆ ದೂರ ನಿಂತೇ ಹೇಳಿದರು. ಸಾಹೇಬರು ಫೈಲು ಮೇಲಕ್ಕೆ ಹೋಗಿ ಆಯಿತು ಎಂದರು. ಹಲ್ಲು ಕಳೆದುಕೊಂಡವರೇ ಬಿಡಿ ಎಂದರೂ ಬಿಡದ ಇಲಾಖೆ ನಮ್ಮದು. ಸವಿತಾಳ ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ. ತನ್ನ ಕೋಟು ತೆಗೆದುಕೊಂಡು ಹೋಗಲು ಬಂದವಳನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಹೋದೆ. ‘ಹೇಗಿದ್ದೀಯಮ್ಮ?’ ಎಂದೆ. ‘ಚೆನ್ನಾಗಿದ್ದೀನಿ ಸರ್’ ಎಂದಳು.

ಕೊರೊನಾ ಇಳಿದ ಮೇಲೆ ಶಾಲು ಹೊದಿಸುವ ಸಮಾರಂಭಗಳು ಏರಿದವು. ಸಾಹೇಬರಿಗೆ ಊರಿನ ಸಂಘಗಳವರೆಲ್ಲ ಹೊದಿಸಿದರು. ನನಗೆ ನಿವೃತ್ತಿಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ. ಗಡಿಯಾರ ನಿಂತುಹೋಗಿದೆ, ಶಾಲು ಇದೆ.

ಈಗ ಮೊನ್ನೆಯ ಮಾತಿಗೆ ಬರುತ್ತೇನೆ. ನಾನು ಸ್ವಂತ ಕ್ಲಿನಿಕ್ ಇಡಲಿಲ್ಲ. ಬೀದಿಯ ಜನ ಬಂದರೆ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುದಿಸಿಟ್ಟ ಕನ್ನಡಿ, ಮೊಬೈಲಿನ ಟಾರ್ಚು ಹಿಡಿದು ನೋಡಿ, ಇಂಥ ಕಡೆ ಹೋಗಿ ಎಂದು ಹೇಳಿ ಕಳಿಸುತ್ತೇನೆ. ಹುಣಸೂರಿಗೆ ನೆಂಟರ ಮನೆಯ ನಾಮಕರಣಕ್ಕೆ ಬಂದಿದ್ದ ಸವಿತಾ, ಮಧ್ಯಾಹ್ನ ಊಟ ಮುಗಿಸಿ ನಮ್ಮನೆಗೆ ಬಂದಳು. ಇಷ್ಟು ವರ್ಷಕ್ಕೆ ಮೊದಲ ಸಲ. ಗಂಡನ ಗೊಬ್ಬರದಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಾಳಂತೆ. ಮಗಳು ಶಾಲೆಗೆ ಹೋಗುತ್ತಿದ್ದಾಳಂತೆ. ಹಲ್ಲಿನ ಕೆಲಸದ ಮಾತೇ ಎತ್ತಲಿಲ್ಲ. ನಾನೇ ಎತ್ತಿದೆ.

‘ಕೆಂಪಮ್ಮಂದು ಆದ್ಮೇಲೆ ಯಾರ ಬಾಯಿಗೂ ಕೈ ಹಾಕಿಲ್ಲ ಸರ್. ಮಗಳ ಹಾಲು ಹಲ್ಲು ಅಲ್ಲಾಡ್ತಿದ್ರೂ ಮುಟ್ಟಲಿಲ್ಲ. ಬೇರೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋದ್ರು ಅವರಪ್ಪ. ಬಿಡಿ ಸರ್, ಚೆನ್ನಾಗಿದ್ದೀನಿ.’

ಸುಮಿತ್ರ ಕಾಫಿಯ ಜೊತೆ ಕೋಡುಬಳೆ ತಂದಿಟ್ಟಳು. ಸವಿತಾ ಒಂದನ್ನು ತೆಗೆದುಕೊಂಡು ಕಡಿಯಲಿಲ್ಲ. ಚೂರು ಮುರಿದು ಕಾಫಿಯಲ್ಲಿ ಅದ್ದಿ, ನೆನೆಸಿ, ನಾಲಗೆಯ ಮೇಲಿಟ್ಟುಕೊಂಡಳು. ಈ ವಯಸ್ಸಿನವರು ಕೋಡುಬಳೆಯನ್ನು ಹಾಗೆ ತಿನ್ನುವುದಿಲ್ಲ. ನಾನು ಒಳಗೆ ಹೋಗಿ ಕನ್ನಡಿ ತಂದೆ.

‘ಬಾಯಿ ತೆಗಿ.’

‘ಬೇಡ ಸರ್.’

‘ನಿಮ್ಮೇಷ್ಟ್ರು ಹೇಳ್ತಿರೋದು. ತೆಗಿ.’

ತೆಗೆದಳು. ಟಾರ್ಚು ಬಿಟ್ಟೆ. ಹಲ್ಲಿನ ಮೇಲೆ ಇರಬೇಕಾದ ಏರುತಗ್ಗು ಒಂದೂ ಇರಲಿಲ್ಲ. ಬೀಸುವ ಕಲ್ಲು ಸವೆದು ನುಣ್ಣಗಾದ ಹಾಗೆ ಎಲ್ಲವೂ ಚಪ್ಪಟೆ. ಎರಡರಲ್ಲಿ ಮೇಲಿಂದ ಕೆಳಗೆ ಬಿರುಕು. ನಿದ್ದೆಯಲ್ಲಿ ಹಲ್ಲು ಮಸೆಯುವವರ ಬಾಯಿ ಅದು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಸಾಹೇಬರ ಮೇಲೆ, ಮೊಬೈಲಿನ ಮೇಲೆ, ಅತ್ತೆಯ ಮೇಲೆ ಹರಿಯಬೇಕಿದ್ದ ಸಿಟ್ಟೆಲ್ಲ ಈ ಹುಡುಗಿ ತನ್ನ ದವಡೆಯ ಮೇಲೇ ತೀರಿಸಿಕೊಂಡಿದ್ದಳು. ಕನ್ನಡಿ ತಿರುಗಿಸಿ ಹಿಡಿಯಿಂದ ತಟ್ಟಿದೆ.

‘ಇದಾ?’

‘ಹೂಂ.’

‘ಇದಾ?’

‘ಹೂಂ.’

‘ಇದು?’

ಕಣ್ಣಲ್ಲಿ ನೀರು ಬಂತು. ‘ಎಲ್ಲಾ ಸರ್. ಎಲ್ಲಾ.’

ಟಾರ್ಚು ಆರಿಸಿದೆ. ಸರ್ಕಾರಿ ಸೇವೆಯಲ್ಲಿ ಎಷ್ಟು ಸಾವಿರ ಬಾಯಿಗಳಿಗೆ ‘ಇದಾ?’ ಎಂದಿದ್ದೇನೆ. ಹಲ್ಲಿನ ಡಾಕ್ಟರ ಬಾಯಿ ನೋಡುವವರು ಯಾರೂ ಇರಲಿಲ್ಲ. ಮೈಸೂರಿನ ಲ್ಯಾಬಿಗೆ ಅಳತೆ ಕಳಿಸಿ, ಮಲಗುವಾಗ ಹಾಕಿಕೊಳ್ಳುವ ಕವಚ ಮಾಡಿಸೋಣ ಎಂದೆ.

‘ಅದು ಹಲ್ಲಿಗಲ್ವಾ ಸರ್’ ಎಂದಳು.

‘ಹೌದು. ಮಿಕ್ಕಿದ್ದಕ್ಕೆ ಮನಸ್ಸಿನ ಡಾಕ್ಟ್ರಿದ್ದಾರೆ. ನಾನೇ ಕರ್ಕೊಂಡ್ ಹೋಗ್ತೀನಿ. ಆಗ ಕೇಳಿದ್ದ ರಜೆ ಈಗ ಸಿಕ್ತು ಅಂದ್ಕೋ. ನೀವೆಲ್ಲ ಎಳೇ ಜೀವ, ಅದಕ್ಕೇ ಹಿಂಗಾಗಿದೆ. ನನ್ನ ನೋಡು, ಅದೇ ಕೊರೊನಾ, ಅದೇ ಸಾಹೇಬ, ಏನಾಯ್ತು ನಂಗೆ?’ ಎಂದು ಅವಳನ್ನು ನಗಿಸಲು ನಾನೇ ಬಾಯಿ ಬಿಟ್ಟು ನಕ್ಕೆ.

ಅವಳು ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

‘ಅದೇನು ಸರ್, ದವಡೆ ಹಲ್ಲಿನ ಮೂಲೆ ಮುರಿದಿದೆ?’

‘ಅದಾ? ನಿಮ್ಮ ಆಂಟಿ ಕೋಡುಬಳೆ ಪ್ರತಾಪ. ಸ್ವಾಬ್ ಡ್ಯೂಟಿ ಕಾಲದ್ದು.’

‘ಇನ್ನೂ ಬಿಟ್ಟಿಲ್ಲ ನೋಡಮ್ಮ’ ಎಂದಳು ಸುಮಿತ್ರ ಬಾಗಿಲಿನಿಂದ. ‘ಇವತ್ತಿಗೂ ನನ್ನ ಕೋಡುಬಳೆ ಮೇಲೇ ಗೂಬೆ ಕೂರಿಸ್ತಾರೆ.’

ಸವಿತಾ ಎದ್ದಳು. ಅಂಗಳದ ನಲ್ಲಿಯಲ್ಲಿ ಕೈ ತೊಳೆದಳು. ಒಮ್ಮೆ ತೊಳೆದಳು, ಅಷ್ಟೇ. ಕುದಿಸಿಟ್ಟಿದ್ದ ಇನ್ನೊಂದು ಕನ್ನಡಿ, ಟಾರ್ಚು ತೆಗೆದುಕೊಂಡು ನನ್ನ ಮುಂದೆ ಬಂದು ನಿಂತಳು.

‘ಕೂತ್ಕೊಳ್ಳಿ ಸರ್. ಬಾಯಿ ತೆಗೀರಿ.’

‘ಏಯ್, ನಂಗೇನೂ ಆಗಿಲ್ಲಮ್ಮ.’

‘ತೆಗೀರಿ ಸರ್.’

ಕೂತೆ. ತೆಗೆದೆ. ಅವಳು ಕನ್ನಡಿಯನ್ನು ತುಟಿಯ ತನಕ ತಂದು, ಹಿಂದಕ್ಕೆಳೆದು, ಮತ್ತೆ ತಂದಳು. ಆಮೇಲೆ ಕನ್ನಡಿ ಒಳಗೆ ಬಂತು, ತುಟಿಯ ಅಂಚಿಗೆ ಆ ಹಗುರವಾದ ಬೆರಳು ತಗುಲಿತು. ಕನ್ನಡಿ ತಿರುಗಿಸಿ ತಟ್ಟಿದಳು. ‘ಇದಾ?’ ಇಲ್ಲ ಎಂದು ತಲೆಯಾಡಿಸಿದೆ. ‘ಇದಾ?’ ಇಲ್ಲ. ಮುರಿದದ್ದರ ಪಕ್ಕದ್ದಕ್ಕೆ ಹಿಡಿ ತಗುಲಿದ ಕೂಡಲೇ ಮಿಂಚು ಹೊಡೆದಂತಾಗಿ, ಅವಳ ಮುಖಕ್ಕೆ ನೇರವಾಗಿ ‘ಆ!’ ಎಂದು ಕೂಗಿದೆ.

ಅವಳು ಹಿಂದೆ ಸರಿಯಲಿಲ್ಲ. ಟಾರ್ಚನ್ನು ಇನ್ನೂ ಹತ್ತಿರ ತಂದು, ಈ ಕಡೆ, ಆ ಕಡೆ, ಮೇಲೆ, ಕೆಳಗೆ ಎಲ್ಲ ನೋಡಿದಳು.

‘ಸರ್’ ಎಂದಳು, ‘ಇದು ಕೋಡುಬಳೆ ಮುರಿದಿರೋದಲ್ಲ. ನಿಮ್ಮವೂ ನನ್ನವರ ಹಾಗೇ ಸವೆದಿವೆ.’

ಬಾಗಿಲಲ್ಲಿ ನಿಂತಿದ್ದ ಸುಮಿತ್ರ ಬಂದು ಕೋಡುಬಳೆಯ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡಳು. ಬಾಯಲ್ಲಿ ಕನ್ನಡಿ ಇದ್ದುದರಿಂದ ‘ಚೆನ್ನಾಗಿದ್ದೀನಿ’ ಎನ್ನಲೂ ನನಗೆ ಆಗಲಿಲ್ಲ.